ಉತ್ಸರ್ಗ ಸಮಿತಿಯೂ ಊರಾಚೆಯ ಕಸವೂ

ಮುನಿಧರ್ಮದ ಐದು ಸಮಿತಿಗಳ ಪೈಕಿ ಈರ್ಯಾ, ಭಾಷಾ, ಏಷಣಾ, ಆದಾನನಿಕ್ಷೇಪಣ ಎಂಬ ಮೊದಲ ನಾಲ್ಕರ ವಿವರಣೆ ಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತದೆ. ಐದನೆಯದಾದ ಉತ್ಸರ್ಗ ಸಮಿತಿಯ ಪ್ರಸ್ತಾಪ ಬಂದಾಗ ಮಾತ್ರ, ವಿಷಯ ಮಲಮೂತ್ರಾದಿಗಳದ್ದೆಂಬ ಸಂಕೋಚದಿಂದಲೋ ಏನೋ, ವಕ್ತಾರರು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದೆ ಸಾಗುವುದುಂಟು. ಆದರೆ ಈ ಕಾಲಕ್ಕೆ ಅತ್ಯಂತ ಹತ್ತಿರವಾದ ಸಮಿತಿ ಇದೇ ಇರಬಹುದು. ಶರೀರದಿಂದ ಹೊರಬೀಳುವ ಯಾವುದನ್ನೂ ಮುನಿಯು ಕಂಡಕಂಡಲ್ಲಿ ವಿಸರ್ಜಿಸುವಂತಿಲ್ಲ. ನೆಲವನ್ನು ಕಣ್ಣಿಟ್ಟು ನೋಡಬೇಕು, ಪಿಂಛಿಯಿಂದ ಮೃದುವಾಗಿ ಸವರಬೇಕು, ಹಸಿರು ಹುಲ್ಲಾಗಲಿ ಕ್ರಿಮಿಕೀಟಗಳಾಗಲಿ ಇಲ್ಲದ ಪ್ರಾಸುಕ ಸ್ಥಳವೆಂದು ಖಚಿತಪಡಿಸಿಕೊಳ್ಳಬೇಕು, ಅನ್ಯರಿಗೆ ಅಡ್ಡಿಯಾಗದಂತೆ ನಡೆದುಕೊಳ್ಳಬೇಕು. ಬಿಟ್ಟ ವಸ್ತುವಿಗೂ ಬಿಟ್ಟವನಿಗೂ ಇರುವ ಸಂಬಂಧ ಕೈಬಿಟ್ಟ ಕ್ಷಣದಲ್ಲಿ ಕಡಿದುಹೋಗುವುದಿಲ್ಲವೆಂಬ ತಿಳಿವು ಇದರ ಹಿಂದಿದೆ.

ಗೃಹಸ್ಥನಿಗೆ ಈ ಸಮಿತಿಯ ಕಟ್ಟುಪಾಡಿಲ್ಲ, ನಿಜ. ಆದರೆ ಮುನಿ ಬಿಡುವುದು ಅತ್ಯಲ್ಪ, ಗೃಹಸ್ಥ ಬಿಡುವುದು ಬುಟ್ಟಿಗಟ್ಟಲೆ. ಅಲ್ಪವನ್ನು ಬಿಡುವವನಿಗೆ ಇಷ್ಟು ಎಚ್ಚರ ವಿಧಿಸಿದ ಧರ್ಮವು ಬುಟ್ಟಿಗಟ್ಟಲೆ ಬಿಡುವವನನ್ನು ಏನೂ ಕೇಳದೆ ಬಿಟ್ಟಿದೆಯೆ?

ಬೆಂಗಳೂರಿನ ಕಸದ ಕಥೆ ಈ ಪ್ರಶ್ನೆಗೆ ಒಳ್ಳೆಯ ಭಾಷ್ಯ. ನಗರದ ಉತ್ತರದ ಮಾವಳ್ಳಿಪುರದ ಜನ ವರ್ಷಗಟ್ಟಲೆ ದುರ್ಗಂಧವನ್ನೂ ಕೆಟ್ಟ ನೀರನ್ನೂ ಸಹಿಸಿ, ಕೊನೆಗೆ ತಿರುಗಿ ನಿಂತರು. 2012ರಲ್ಲಿ ಅಲ್ಲಿಗೆ ಕಸ ಹಾಕುವುದು ನಿಂತಿತು. ಕಸ ಹುಟ್ಟುವುದು ನಿಲ್ಲಲಿಲ್ಲವಾದ್ದರಿಂದ ಲಾರಿಗಳು ಪೂರ್ವದ ಮಂಡೂರಿನ ಕಡೆ ಹೆಚ್ಚು ಹೆಚ್ಚಾಗಿ ಹೊರಟವು. ಮಂಡೂರಿನವರು 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು, ಸರ್ಕಾರ ಅವಧಿ ಕೇಳಿತು, ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಿತು. ಬಳಿಕ ಬೆಳ್ಳಹಳ್ಳಿಯ ಕಲ್ಲುಕ್ವಾರಿ, ಅನಂತರ ಮಿಟ್ಟಗಾನಹಳ್ಳಿಯ ಕ್ವಾರಿ. ಒಂದು ಹಳ್ಳಿಯ ಗೆಲುವು ಮತ್ತೊಂದು ಹಳ್ಳಿಯ ಪಾಲಿಗೆ ಬಂದ ಲಾರಿಯಾಯಿತು. ಮಂಗಳೂರಿನಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ರಾಶಿಯೇ ಜಾರಿ, ಕೆಳಗಿನ ಮಂದಾರದ ಮನೆಗಳನ್ನೂ ತೆಂಗು ಅಡಿಕೆಯ ತೋಟಗಳನ್ನೂ ಮುಚ್ಚಿಹಾಕಿತು. ಆ ಮನೆಗಳವರು ನಗರದ ಕಸವನ್ನು ಬೇಡಿರಲಿಲ್ಲ.

ಇಂತಹ ರಾಶಿ ಶಾಲೆಯತ್ತ ಬೆಳೆಯುವಾಗ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಘನತ್ಯಾಜ್ಯದ ಬಗ್ಗೆ 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ಕಸ ಹೂಳುವ ಜಾಗ ನದಿಯಿಂದ 100 ಮೀಟರ್, ಕೆರೆಕುಂಟೆ, ಹೆದ್ದಾರಿ, ಜನವಸತಿ, ಉದ್ಯಾನ ಮತ್ತು ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದು ಹೇಳಿದವು. ವಿಮಾನ ನಿಲ್ದಾಣಕ್ಕಾದರೋ 20 ಕಿಲೋಮೀಟರ್, ಕಾರಣ ಹಕ್ಕಿಗಳ ಭಯ. ಶಾಲೆ ಎಂಬ ಶಬ್ದ ಆ ಸಾಲಿನಲ್ಲಿಲ್ಲ. ಅದು ವಸತಿಯಲ್ಲೇ ಅಡಗಿದೆಯೆಂದು ಭಾವಿಸಿಕೊಳ್ಳಬೇಕು. 200 ಮೀಟರನ್ನು ಒಂದನೆಯ ತರಗತಿಯ ಮಗು ಐದು ನಿಮಿಷದೊಳಗೆ ನಡೆದುಬಿಡುತ್ತದೆ. ನೊಣಕ್ಕೆ ಅಷ್ಟೂ ಬೇಕಿಲ್ಲ. ಕೊಳೆತ ರಾಶಿಯಿಂದ ಬಸಿಯುವ ಕಪ್ಪು ನೀರು ನೆಲದೊಳಗೆ ಯಾವ ಮೀಟರನ್ನೂ ಲೆಕ್ಕಿಸದು. ಗಾಳಿಯಾಡದೆ ಕೊಳೆತ ಹಸಿಕಸದಿಂದ ಮೀಥೇನ್ ಅನಿಲ ಹುಟ್ಟುತ್ತದೆ. ಅದಕ್ಕೆ ಬೆಂಕಿ ಹತ್ತಿದರೆ ಪ್ಲಾಸ್ಟಿಕ್ಕಿನೊಂದಿಗೆ ದಿನಗಟ್ಟಲೆ ಹೊಗೆಯಾಡುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿ ಸೇವಿಸುತ್ತದೆ. ಹಿರಿಯನಾದರೆ ಮೂಗು ಮುಚ್ಚಿಕೊಂಡು ಆ ದಾರಿ ಬಿಟ್ಟು ಹೋದಾನು. ಘಂಟೆ ಹೊಡೆಯುವವರೆಗೆ ಕುಳಿತಿರಬೇಕಾದದ್ದು ಮಗುವಿನ ಧರ್ಮ.

ಇಲ್ಲಿ ಹೊಣೆ ಯಾರದು? ಪುರಸಭೆಯದು, ಗುತ್ತಿಗೆದಾರನದು, ಲಾರಿಯವನದು ಎಂಬ ಉತ್ತರ ಸುಲಭ. ಕಾನೂನಿನ ದೃಷ್ಟಿಯಿಂದ ಅದು ಸರಿಯೂ ಹೌದು. ಆದರೆ ಜೈನಶಾಸ್ತ್ರವು ಕರ್ಮವನ್ನು ಎಣಿಸುವಾಗ ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳನ್ನು ತೆರೆದಿಟ್ಟಿದೆ: ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಬೆಳಿಗ್ಗೆ ಗಾಡಿ ಬಂದಾಗ ಗಂಟುಕಟ್ಟಿದ ಚೀಲವನ್ನು ಕೊಟ್ಟು ಬಾಗಿಲು ಮುಚ್ಚಿಕೊಳ್ಳುವ ಗೃಹಸ್ಥ ಮೊದಲ ಬಾಗಿಲಿನಿಂದ ಪಾರಾದರೂ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾನೆ. ತನಗೆ ತಿಳಿದಿರಲಿಲ್ಲವೆಂದು ಅವನು ಹೇಳಬಹುದು. ಹಿಂಸೆಯ ಲಕ್ಷಣದಲ್ಲಿ ಆಚಾರ್ಯ ಉಮಾಸ್ವಾಮಿಗಳು ಪ್ರಾಣಹಾನಿಗೂ ಮೊದಲು ಪ್ರಮಾದವನ್ನಿಟ್ಟರು. ತಿಳಿದುಕೊಳ್ಳಬಹುದಾಗಿದ್ದೂ ತಿಳಿದುಕೊಳ್ಳದಿರುವುದು ಪ್ರಮಾದವಲ್ಲದೆ ಮತ್ತೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಪ್ರಮಾದಚರ್ಯೆಯನ್ನು ಸೇರಿಸಿದ್ದು ಗೃಹಸ್ಥನಿಗಾಗಿಯೇ.

ಮತ್ತೊಂದು ವ್ರತವೂ ಇಲ್ಲಿ ಭಂಗವಾಗುತ್ತಿದೆಯೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಚೌರ್ಯ. ಶಾಲೆಯ ಮಕ್ಕಳು ತಮ್ಮ ಗಾಳಿಯನ್ನು, ತಮ್ಮ ಕೊಳವೆಬಾವಿಯ ನೀರನ್ನು ಪಟ್ಟಣಕ್ಕೆ ಕೊಟ್ಟಿಲ್ಲ. ಪಟ್ಟಣ ಅದನ್ನು ತೆಗೆದುಕೊಂಡಿದೆ. ಅಂಗಡಿಯಲ್ಲಿ ತೂಕ ಒಂದು ತೊಲ ಕಡಮೆಯಾದರೆ ಅಚೌರ್ಯಾಣುವ್ರತಕ್ಕೆ ಅತಿಚಾರವೆಂದು ಅಂಜುವ ವರ್ತಕ ಈ ದೊಡ್ಡ ಲೆಕ್ಕವನ್ನು ನೋಡದೆ ಹೋಗುವುದು ವಿಚಿತ್ರ.

ಹಾಗಾದರೆ ಶಾಲೆಯ ಬಳಿ ಬೇಡವೆಂದು ಊರವರು ಪಟ್ಟು ಹಿಡಿಯುವುದು ಸಾಕೆ? ಪಟ್ಟು ಹಿಡಿಯುವುದು ನ್ಯಾಯ. ಮಕ್ಕಳ ಪರವಾಗಿ ಮಾತನಾಡುವವರು ಬೇರೆ ಯಾರೂ ಇಲ್ಲ. ಆದರೆ ಮಾವಳ್ಳಿಪುರದಿಂದ ಮಿಟ್ಟಗಾನಹಳ್ಳಿಯವರೆಗಿನ ದಾರಿ ತೋರಿಸುವಂತೆ, ಬೇಡವೆಂಬ ಮಾತು ಒಂದೇ ಇದ್ದರೆ ಅದು ಮತ್ತೊಂದು ಶಾಲೆಯ ವಿಳಾಸವಾಗಿ ಪರಿಣಮಿಸುತ್ತದೆ. ರಾಜ್ಯದ ಉಚ್ಚ ನ್ಯಾಯಾಲಯ 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಮನೆಗಳಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯವೆಂದದ್ದು ಈ ಗಂಟಿನ ಮೂಲ ಅಡುಗೆಮನೆಯಲ್ಲಿದೆಯೆಂದು ಕಂಡುದರಿಂದಲೇ. ಹಸಿಯದು ಹಸಿಯೊಡನೆ, ಒಣದು ಒಣದರೊಡನೆ ಉಳಿದರೆ ಹೂಳಬೇಕಾದದ್ದು ಬಹಳ ಕಡಮೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಪಟ್ಟಣಗಳ ವಿಚಾರ ಇಲ್ಲಿ ಪ್ರಸ್ತುತ. ಬೆಂಗಳೂರಿನ ಪ್ರಮಾಣ ಇಲ್ಲಿಲ್ಲ. ಅಡಿಕೆ ತೋಟಗಳ ಚನ್ನಗಿರಿ ಸೀಮೆಗೆ ಸೂಳೆಕೆರೆ ಎಂಬ ಶಾಂತಿಸಾಗರವಿದೆ, ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ, ಜಗಳೂರಿನಲ್ಲಿ ಬರ ಬಂದ ವರ್ಷ ಬಿಂದಿಗೆ ನೀರಿಗೂ ಬೆಲೆ. ನೀರು ಇರುವಲ್ಲಿ ಕೆಡುವುದಕ್ಕೆ ನೀರಿದೆ, ಇಲ್ಲದಲ್ಲಿ ಕೆಟ್ಟರೆ ಬದಲಿಯಿಲ್ಲ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾದ ನ್ಯಾಮತಿಯಂತಹ ಊರು ಬೆಳೆಯುತ್ತಿರುವಾಗಲೇ ಕಸಕ್ಕೆ ಜಾಗ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಆ ಜಾಗವನ್ನು ಇಂದಿನ ಊರಿನ ಅಂಚಿನಿಂದ ಅಳೆಯುವ ಬದಲು ಇಪ್ಪತ್ತು ವರ್ಷಗಳ ಅನಂತರದ ಅಂಚಿನಿಂದ ಅಳೆಯುವುದು ವಿವೇಕ. ಬೆಟ್ಟ ಬೆಳೆದ ಮೇಲೆ ಸರಿಸುವುದೆಷ್ಟು ಕಷ್ಟವೆಂಬುದನ್ನು ದೊಡ್ಡ ಊರುಗಳು ತಮ್ಮ ಖರ್ಚಿನಲ್ಲಿ ತೋರಿಸಿಕೊಟ್ಟಿವೆ.

ಶ್ರಾವಕರಿಂದ ಒಂದು ಪ್ರಾಮಾಣಿಕ ಆಕ್ಷೇಪಣೆ ಬರುವುದುಂಟು, ಅದನ್ನು ತಳ್ಳಿಹಾಕಬಾರದು. ಹಸಿಕಸವನ್ನು ಮನೆಯ ಹಿತ್ತಿಲಲ್ಲೋ ಬಸದಿಯ ಆವರಣದಲ್ಲೋ ಗೊಬ್ಬರ ಮಾಡಿದರೆ ಅಲ್ಲಿ ಸಮ್ಮೂರ್ಛನ ಜೀವಿಗಳು ಹುಟ್ಟುತ್ತವೆ, ಕೆದಕಿದಾಗ ಸಾಯುತ್ತವೆ. ಅಹಿಂಸಾವ್ರತಿ ತಿಳಿದೂ ತಿಳಿದೂ ಈ ಆರಂಭಕ್ಕೆ ಕೈಹಾಕಬಹುದೆ? ಪ್ರಶ್ನೆ ಹಗುರವಾದುದಲ್ಲ. ಆದರೆ ಕೊಳೆಯುವುದು ಎಲ್ಲಿಟ್ಟರೂ ಕೊಳೆಯುತ್ತದೆ. ಹಿತ್ತಿಲಲ್ಲಿ ಹುಟ್ಟುವ ಹುಳು ರಾಶಿಯಲ್ಲಿಯೂ ಹುಟ್ಟುತ್ತದೆ. ಅಲ್ಲಿ ಅದರ ಮೇಲೆ ಬುಲ್‌ಡೋಜರ್ ಓಡುತ್ತದೆ, ಬೆಂಕಿ ಬೀಳುತ್ತದೆ, ಪ್ಲಾಸ್ಟಿಕ್ ಚೀಲ ನುಂಗಿದ ಹಸುವೂ ಸಾಯುತ್ತದೆ. ಕಣ್ಣೆದುರಿನ ಹಿಂಸೆಯನ್ನು ಕಣ್ಮರೆ ಮಾಡಿದರೆ ಅದು ಕಡಮೆಯಾಗುವುದಿಲ್ಲ, ಎಚ್ಚರವಷ್ಟೇ ಕಡಮೆಯಾಗುತ್ತದೆ. ಒಣಗಿದ ಎಲೆಯನ್ನು ಮುಚ್ಚಿ, ತೇವ ಹೆಚ್ಚದಂತೆ ನೋಡಿ, ಅನಾವಶ್ಯಕವಾಗಿ ಕೆದಕದೆ ನಡೆಸಿದ ಗುಂಡಿಯಲ್ಲಿ ಯತ್ನಾಚಾರಕ್ಕೆ ಎಡೆಯಿದೆ, ಲಾರಿಯಲ್ಲಿ ಇಲ್ಲ. ಅದಕ್ಕೂ ಮೊದಲಿನ ಉಪಾಯ ಎಲೆಯಲ್ಲಿ ಅನ್ನ ಬಿಡದಿರುವುದು. ಸೂರ್ಯಾಸ್ತದ ಮೊದಲೇ ಊಟ ಮುಗಿಸುವ ಮನೆಗಳಲ್ಲಿ ಇದು ಹೊಸ ಪಾಠವಾಗಬಾರದು.

ಬಸದಿಗಳ ವಿಚಾರವನ್ನು ಟ್ರಸ್ಟ್‌ಗಳು ತಾವಾಗಿಯೇ ಎತ್ತಿಕೊಂಡರೆ ಒಳ್ಳೆಯದು. ಅಭಿಷೇಕದ ಗಂಧೋದಕ ಯಾರ ಕಾಲಿಗೂ ಸಿಗಬಾರದೆಂದು ಎಷ್ಟು ಜೋಪಾನ! ಅದೇ ಅಭಿಷೇಕಕ್ಕೆ ಹಾಲು ತಂದ ಪ್ಯಾಕೆಟ್ಟುಗಳು ಎಲ್ಲಿಗೆ ಹೋದವೆಂದು ಕೇಳುವವರಿಲ್ಲ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಕೈಚೀಲಗಳಿಗೆ ನಿಷೇಧ ಬಂದಿದ್ದರೂ ಪಂಚಕಲ್ಯಾಣದಂತಹ ಉತ್ಸವಗಳ ಮರುದಿನ ಪೆಂಡಾಲಿನ ಹಿಂದೆ ಹೋಗಿ ನೋಡಿದವರಿಗೆ ವಿವರಣೆ ಬೇಕಿಲ್ಲ.

ಚಾತುರ್ಮಾಸಕ್ಕೆ ಮುನಿಸಂಘವನ್ನು ಬರಮಾಡಿಕೊಳ್ಳುವ ಊರಿನವರು ವಸತಿ, ಆಹಾರ, ಪ್ರವಚನ ಮಂಟಪಗಳ ಏರ್ಪಾಟಿನ ಜೊತೆಗೆ ಮತ್ತೊಂದು ಏರ್ಪಾಟನ್ನೂ ಸದ್ದಿಲ್ಲದೆ ಮಾಡಬೇಕಾಗುತ್ತದೆ. ಮುಂಜಾನೆ ಮುನಿಗಳು ಶೌಚಕ್ಕೆ ಹೋಗಲು ತಕ್ಕ ಬಯಲನ್ನು ಮೊದಲೇ ಹುಡುಕಿಡಬೇಕು. ಹಿಂದೆ ಊರು ದಾಟಿದರೆ ಸಾಕಿತ್ತು. ಈಗ ಆ ಹಿರಿಯ ಶ್ರಾವಕರು ಜಾಗ ನೋಡುತ್ತ ಊರಾಚೆಗೆ ನಡೆದಾಗ, ಪಿಂಛಿ ಸವರಬಹುದಾದ ನೆಲಕ್ಕಿಂತ ಮೊದಲು ಎದುರಾಗುವುದು ಅವರದೇ ಬೀದಿಗಳಿಂದ ಹೋದ ಚೀಲಗಳು.