ಒರೆಯ ಬೆಲೆ

ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದು ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ಹೊರತಂದಿತು. ತೂಕ ಅರ್ಧ ಕಿಲೋ, ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಅದನ್ನು ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಆ ಪೆಟ್ಟಿಗೆ ಬೀರುವಿನಲ್ಲಿಡಲು ಚೆನ್ನ. ಮೈಮೇಲೆ ಇಟ್ಟುಕೊಂಡು ಓಡಾಡಬೇಕಾದರೆ ಒರೆ ಬೇಕು. ಲಕ್ಷ ಕೊಟ್ಟು ಬಂದೂಕು ಕೊಂಡವರು ಈ ಒರೆಯ ಹತ್ತಿರ ಬಂದಾಗ ದಿಢೀರನೆ ಜಿಪುಣರಾಗಿಬಿಡುತ್ತಾರೆ. ಮುಖ್ಯ ಖರ್ಚು ಮುಗಿಯಿತಲ್ಲ, ಇನ್ನು ಚೀಲ ಯಾವುದಾದರೇನು ಅನ್ನುವ ಲೆಕ್ಕ. ನನಗೆ ನೈತಿಕ ಪ್ರಶ್ನೆ ಹುಟ್ಟುವುದು ಈ ಲೆಕ್ಕದಲ್ಲೇ.

ಕೆ.ಆರ್. ಪೇಟೆ ಕಡೆಯ ಒಬ್ಬ ಆಲೆಮನೆ ಮಾಲೀಕರನ್ನು ಊಹಿಸಿಕೊಳ್ಳಿ. ಬೆಲ್ಲದ ದುಡ್ಡು ಹಿಡಿದು ರಾತ್ರಿ ಹೊತ್ತು ತೋಟದ ಮನೆಗೆ ಹೋಗಬೇಕು. ಪ್ರಾಣಭಯವಿದೆಯೆಂದು ಡಿ.ಸಿ. ಕಚೇರಿಗೆ ಅರ್ಜಿ ಹಾಕಿ, ಪೊಲೀಸ್ ವರದಿ ಮುಗಿದು, ಲೈಸೆನ್ಸ್ ಸಿಕ್ಕಿದೆ. ನಮ್ಮ ರೈತರಿಗೆ ಪರಿಚಯವಿರುವ ಬೆಳೆ ರಕ್ಷಣೆಯ ಬಂದೂಕಿನ ಮಾತು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಅದನ್ನು ಪ್ರತ್ಯೇಕವಾಗಿ ನೋಡುತ್ತದೆ. ಅದು ಉದ್ದ ನಳಿಗೆಯದು, ಹೆಗಲ ಮೇಲಿದ್ದರೆ ನಾಲ್ಕು ಜನಕ್ಕೆ ಕಾಣುತ್ತದೆ, ಅದರ ಗುರಿ ಹಂದಿ. ಸೊಂಟದ ರಿವಾಲ್ವರಿನ ಗುರಿ ಹಂದಿಯಲ್ಲ, ಮನುಷ್ಯ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಿಕೊಳ್ಳುವುದು ಒಳ್ಳೆಯದು.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಕೈಬಂದೂಕನ್ನು ಸಾರ್ವಜನಿಕ ಜಾಗದಲ್ಲಿ ಬರಿದೆ ಒಯ್ಯುವಂತಿಲ್ಲ. ಮೈಗೆ ಕಟ್ಟಿದ ಒರೆಯಲ್ಲೋ ಬೆನ್ನಚೀಲದಂಥದ್ದರಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಮುಚ್ಚಿರಬೇಕು ಮತ್ತು ಹತೋಟಿಯಲ್ಲಿರಬೇಕು ಎಂಬ ಈ ಎರಡು ಮಾತು ಸೇರುವುದು ಒರೆಯಲ್ಲಿ. ಒಳ್ಳೆಯ ಒರೆ ಕುದುರೆಯನ್ನು, ಅಂದರೆ ಬೆರಳಿಡುವ ಟ್ರಿಗರನ್ನು, ಗಟ್ಟಿ ಚರ್ಮದಿಂದ ಸಂಪೂರ್ಣ ಮುಚ್ಚುತ್ತದೆ. ಬಂದೂಕು ತೆಗೆದ ಮೇಲೂ ಅದರ ಬಾಯಿ ಮುದುಡುವುದಿಲ್ಲ. ತೆಳು ರೆಕ್ಸಿನ್ನಿನ ಅಗ್ಗದ ಚೀಲ ಒಂದು ಬೇಸಿಗೆಯ ಬೆವರು, ಒಂದು ಮಳೆಗಾಲ ಕಂಡರೆ ಆಕಾರ ಕೆಡುತ್ತದೆ. ಬಾಯಿಯ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಬಂದೂಕನ್ನು ಒಳಗೆ ತಳ್ಳುವಾಗ ಆ ಮಡಿಕೆಯೇ ಬೆರಳಿನ ಕೆಲಸ ಮಾಡಿಬಿಡಬಹುದು. ಗುಂಡುಗಳನ್ನೆಲ್ಲ ತೆಗೆದು, ಮತ್ತೊಮ್ಮೆ ನೋಡಿ, ಖಾಲಿ ಬಂದೂಕನ್ನು ಒರೆಗಿಟ್ಟು ಹಾಸಿಗೆಯ ಮೇಲೆ ತಲೆಕೆಳಗು ಹಿಡಿದರೆ ಸಾಕು. ಜಾರಿ ಬಿದ್ದರೆ ಆ ಒರೆ ಪುಕ್ಕಟೆ ಸಿಕ್ಕರೂ ಬೇಡ.

ಹಾಗೆಂದು ದುಬಾರಿಯದೇ ಆಗಬೇಕೆಂದಿಲ್ಲ. ದಪ್ಪ ಚರ್ಮವನ್ನು ಒತ್ತೊತ್ತಾಗಿ ಹೊಲಿಯಬಲ್ಲ ಕೈಗಳು ನಾಗಮಂಗಲದ ಸಂತೆಯಲ್ಲೂ ಸಿಗಬಹುದು. ವಿದೇಶಿ ಹೆಸರಿನ ಪ್ಲಾಸ್ಟಿಕ್ಕಿಗಿಂತ ಅಂಥವರ ಕೆಲಸ ಹೆಚ್ಚು ಬಾಳೀತು. (ಬಂದೂಕನ್ನು ಅವರಲ್ಲಿ ಬಿಟ್ಟುಬರುವಂತಿಲ್ಲ ಅನ್ನುವುದು ನೆನಪಿರಲಿ. ಅಳತೆ ಕೊಟ್ಟು, ಎದುರಿಗೇ ಕೂತು ಮಾಡಿಸಬೇಕು.) ನನ್ನ ತಕರಾರು ಅಗ್ಗದ ಬಗ್ಗೆ ಅಲ್ಲ, ಉಳಿತಾಯ ಯಾರ ಜೇಬಿನಿಂದ ಆಗುತ್ತಿದೆ ಅನ್ನುವುದರ ಬಗ್ಗೆ. ಚಪ್ಪಲಿಯಲ್ಲಿ ದುಡ್ಡು ಉಳಿಸಿದರೆ ಮುಳ್ಳು ಚುಚ್ಚುವುದು ನನ್ನ ಕಾಲಿಗೆ. ಒರೆಯಲ್ಲಿ ಉಳಿಸಿದರೆ ಹಣ ಉಳಿದದ್ದು ನನಗೆ, ಅಪಾಯ ಹೋದದ್ದು ಪಾಂಡವಪುರದ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೆಣ್ಣುಮಗಳಿಗೆ, ಮದುವೆ ಮನೆಯ ಪಂಕ್ತಿಯಲ್ಲಿ ತೊಡೆಗೆ ಒರಗಿದ ಮಗುವಿಗೆ. ಅವರಿಗೆ ಬಂದೂಕು ಇರುವುದೇ ಗೊತ್ತಿಲ್ಲ. ಗೊತ್ತಾಗದಂತೆ ಮುಚ್ಚಿಟ್ಟಿರುವುದರಿಂದಲೇ ಅವರು ಎದ್ದು ದೂರ ಹೋಗಲಾರರು. ಹೀಗೆ ಒಪ್ಪಿಗೆ ಕೇಳದೆ ಹೊರಿಸಿದ ಅಪಾಯವನ್ನು ಆದಷ್ಟೂ ಕಡಿಮೆ ಮಾಡುವುದು ಹೊತ್ತವನ ಋಣ. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಮುಚ್ಚಿಡುವುದು ಸೌಜನ್ಯವೋ ಕಪಟವೋ ಎಂಬ ಪ್ರಶ್ನೆ ಇನ್ನೂ ತೊಡಕಿನದು. ತೋರಿಸಿದ ಬಂದೂಕು ಬೆದರಿಕೆ. 2019ರ ತಿದ್ದುಪಡಿಯಂತೂ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಕುತ್ತು ತರುವುದನ್ನೇ ಅಪರಾಧ ಮಾಡಿತು. ಮುಚ್ಚಿದ್ದು ಬೆದರಿಕೆಯಲ್ಲ ಅನ್ನೋಣವೆಂದರೆ, ನಮ್ಮ ಊರುಗಳಲ್ಲಿ ಯಾವುದು ತಾನೇ ಮುಚ್ಚಿರುತ್ತದೆ? ಅಂಗಿಯ ಕೆಳಗಿನ ಉಬ್ಬನ್ನು ಟೀ ಅಂಗಡಿ ಒಂದೇ ದಿನದಲ್ಲಿ ಓದಿಬಿಡುತ್ತದೆ. ಆಮೇಲೆ ವಿಶ್ವೇಶ್ವರಯ್ಯ ನಾಲೆಯ ನೀರಿನ ಸರದಿಗೆ ಜಗಳವಾದಾಗ ‘ಬಿಡಣ್ಣ, ನೀನೇ ಮೊದಲು ತಿರುಗಿಸಿಕೊ’ ಎಂದು ಪಕ್ಕದ ಗದ್ದೆಯವನು ಹಿಂದೆ ಸರಿದರೆ, ಅದು ಅವನ ದೊಡ್ಡತನವೋ ಸೊಂಟದ ಉಬ್ಬಿನ ಪ್ರಭಾವವೋ ಹೇಗೆ ತಿಳಿಯುವುದು? ಬಂದೂಕಿನವನಿಗೂ ತಿಳಿಯುವುದಿಲ್ಲ. ಅವನು ಎಂದೂ ಅದನ್ನು ಹೊರತೆಗೆಯದಿರಬಹುದು, ತೆಗೆಯುವ ಮನಸ್ಸೂ ಇಲ್ಲದಿರಬಹುದು. ಆದರೂ ಅಂದಿನಿಂದ ಅವನಿಗೆ ಸಿಗುವ ಪ್ರತಿಯೊಂದು ನಮಸ್ಕಾರವೂ ಅನುಮಾನದ್ದೇ.

ಕನ್ನಡದಲ್ಲಿ ಒರೆ ಎಂದರೆ ಕತ್ತಿಯ ಚೀಲವೂ ಹೌದು, ಚಿನ್ನವನ್ನು ಉಜ್ಜಿ ನೋಡುವ ಪರೀಕ್ಷೆಯೂ ಹೌದು. ಇವೆರಡಕ್ಕೂ ಒಂದೇ ಬೇರು ಎಂದು ನಾನು ಹೇಳುತ್ತಿಲ್ಲ, ಆದರೆ ಈ ವಿಷಯದ ಮಟ್ಟಿಗೆ ಎರಡರ್ಥವೂ ಕೂಡಿಬರುತ್ತವೆ.

ಪಾಂಡವಪುರದ ಹೆಸರಿನಲ್ಲೇ ಪಾಂಡವರಿದ್ದಾರೆ. ಊರಿನ ಮೇಲೆ ಕುಂತಿಬೆಟ್ಟವಿದೆ. ಶ್ರೀರಂಗಪಟ್ಟಣದ ಕಿರಂಗೂರಿನಲ್ಲಿ ಬನ್ನಿಮಂಟಪವಿದೆ. 1610ರಲ್ಲಿ ರಾಜ ಒಡೆಯರು ಆರಂಭಿಸಿದ ದಸರೆಯ ನೆನಪಿನಲ್ಲಿ ಈಗಲೂ ಅಲ್ಲಿಂದ ಮೆರವಣಿಗೆ ಹೊರಡುತ್ತದೆ. ಬನ್ನಿ ಎಂದರೆ ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಕಟ್ಟಿಟ್ಟ ಮರ. ಜೊತೆಗೊಂದು ಹೆಣವನ್ನೂ ಕಟ್ಟಿ, ನಮ್ಮ ಮುದಿ ತಾಯಿಯದು, ಇದು ನಮ್ಮ ಕುಲಾಚಾರ ಎಂದು ದನಗಾಹಿಗಳಿಗೆ ಹೇಳಿದರಂತೆ. ಅದೂ ಒಂದು ಒರೆಯೇ. ಸೊಂಟದ ಒರೆ ಆಯುಧವನ್ನು ಪರರ ಕಣ್ಣಿಂದ ಮರೆಸಿ ತನ್ನ ಕೈಗೆ ಹತ್ತಿರವಿಡುತ್ತದೆ. ಬನ್ನಿಯಾದರೋ ಪರರ ಕಣ್ಣಿಂದಲೂ ತನ್ನ ಕೈಯಿಂದಲೂ ದೂರವಿಟ್ಟಿತು. ಅರ್ಜುನ ಬೃಹನ್ನಳೆಯಾಗಿ ಕುಣಿತ ಕಲಿಸಿದ, ಭೀಮ ಸೌಟು ಹಿಡಿದ. ಇಲ್ಲಿಗೇ ಕಥೆ ಮುಗಿದಿದ್ದರೆ ನನ್ನ ವಾದಕ್ಕೆ ಅನುಕೂಲವಾಗುತ್ತಿತ್ತು. ಆದರೆ ಕೀಚಕ ಬಂದ. ದ್ರೌಪದಿ ತುಂಬಿದ ಸಭೆಯಲ್ಲಿ ನ್ಯಾಯ ಕೇಳಿ ಸಿಗದೆ ಅಡಿಗೆಮನೆಗೆ ಹೋದಳು. ಭೀಮ ಬರಿಗೈಯಲ್ಲೇ ಕೊಂದ.

ಆದ್ದರಿಂದ ಆಲೆಮನೆಯವರಿಗೆ ‘ಬಂದೂಕು ಬಿಡಿ, ಎಲ್ಲ ಸರಿಹೋಗುತ್ತದೆ’ ಎಂದು ನಾನು ಹೇಳಲಾರೆ. ವಿರಾಟನ ಸಭೆ ಕೇಳದಿದ್ದಾಗ ಏನಾಗುತ್ತದೆ ಎಂಬುದು ಠಾಣೆ ದೂರವಿರುವ ತೋಟದ ಮನೆಯವರಿಗೆ ಗೊತ್ತು. ಹಾಗೆಯೇ ಬಂದೂಕಿದ್ದರೆ ಬದುಕಿಕೊಳ್ಳುತ್ತೀರಿ ಎಂದೂ ಹೇಳಲಾರೆ. 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ಅವರವರ ಮನೆ ಬಾಗಿಲಲ್ಲೇ. ಅಂಥ ಹೊತ್ತಿನಲ್ಲಿ ಒರೆಯ ಗುಂಡಿ ಬಿಚ್ಚಲು ಯಾರು ಸಮಯ ಕೊಡುತ್ತಾರೆ?

ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನು ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕಾಗುತ್ತದೆ. ಬೆಳೆಗೆ ಹಂದಿ ನುಗ್ಗುತ್ತದೆ ಎಂದು ರೈತರು ಪ್ರತಿ ಸಲ ಗೊಣಗುತ್ತಾರೆ, ಅವರ ದೂರಿನಲ್ಲಿ ನ್ಯಾಯವಿದೆ. ಸೊಂಟದ ರಿವಾಲ್ವರಿನವರಿಗೆ ಮಾತ್ರ ಅದು ಸರ್ಕಾರವೇ ಕರುಣಿಸುವ ಒಂದೆರಡು ತಿಂಗಳ ಬನ್ನಿಮರ. ಖಾಲಿ ಒರೆ ಮೊಳೆಗೆ ತೂಗಿರುತ್ತದೆ. ನೀರಿನ ಸರದಿಯ ಮಾತನ್ನು ಆಗ ಮತ್ತೊಮ್ಮೆ ಎತ್ತಿ ನೋಡಬಹುದು; ಪಕ್ಕದ ಗದ್ದೆಯವನು ಈ ಸಲ ಏನನ್ನುತ್ತಾನೋ ಕೇಳಬಹುದು.