ಗಂಟೆಗೆ ಎಷ್ಟು ಬಿತ್ತು?

ಸಂತೆಯಲ್ಲಿ ಈರುಳ್ಳಿಯನ್ನು ತೂಕಕ್ಕೆ ಕೊಳ್ಳುತ್ತೇವೆ, ಬಳೆಯನ್ನು ಡಜನ್ನಿಗೆ, ಬಟ್ಟೆಯನ್ನು ಮೀಟರಿಗೆ. ಅಳತೆಯಿಲ್ಲದೆ ವ್ಯಾಪಾರವಿಲ್ಲ. ಆದರೆ ಆಟವನ್ನು ದುಡ್ಡು ಕೊಟ್ಟು ಕೊಳ್ಳುವಾಗ ಯಾವ ಅಳತೆ ಹಿಡಿಯಬೇಕು? ಲಗೋರಿಗೆ, ಕುಂಟೆಬಿಲ್ಲೆಗೆ, ಚಿನ್ನಿದಾಂಡಿಗೆ ಈ ಪ್ರಶ್ನೆ ಏಳಲಿಲ್ಲ. ಒಡೆದ ಹೆಂಚಿನ ಚೂರಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಬಂದ ಮೇಲೆ ಆಟವೂ ಅಂಗಡಿಯ ಸರಕಾಯಿತು. ಸರಕಾದ ಮೇಲೆ ಅದಕ್ಕೂ ಒಂದು ತಕ್ಕಡಿ ಬೇಕಾಯಿತು. ಜಪಾನ್, ಅಮೆರಿಕಗಳ ಕೊಳ್ಳುಗರು ಹಿಡಿದ ತಕ್ಕಡಿ ಗಂಟೆ. 'ಈ ಆಟ ಎಷ್ಟು ಗಂಟೆ ಬರುತ್ತದೆ?' ಎಂದು ಅವರು ಕೇಳತೊಡಗಿದರು. 50 ಡಾಲರಿನ ಆಟ 10 ಗಂಟೆ ಬಂದರೆ ಗಂಟೆಗೆ 5 ಡಾಲರ್ ಬಿತ್ತು. 50 ಗಂಟೆ ಬಂದರೆ ಗಂಟೆಗೆ ಒಂದೇ ಡಾಲರ್. ಹಾಗಾದರೆ ಎರಡನೆಯದೇ ಒಳ್ಳೆಯ ವ್ಯಾಪಾರ.

ಈ ಲೆಕ್ಕ ಸರಿಯೇ? ಮಕ್ಕಳಾಟದ ಪ್ರಶ್ನೆಯಂತೆ ಕಂಡರೂ ಇದರೊಳಗೆ ಹೊತ್ತು ಯಾರದು, ಅದಕ್ಕೆ ಬೆಲೆ ಕಟ್ಟುವವರು ಯಾರು ಎಂಬ ದೊಡ್ಡವರ ಪ್ರಶ್ನೆಯೇ ಅಡಗಿದೆ.

ಮನೆಯೊಳಗೆ ಬರುವ ಮುನ್ನ ಈ ಆಟಗಳು ಹೇಗಿದ್ದವು ಎಂಬುದನ್ನು ಮೊದಲು ನೋಡಬೇಕು. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ 'ಪಾಂಗ್' ಬಂತು. 1978ರಲ್ಲಿ ಜಪಾನಿನ ಟೈಟೊ ಕಂಪನಿಯ 'ಸ್ಪೇಸ್ ಇನ್‌ವೇಡರ್ಸ್' ಬಂತು. ಇವು ನಾಣ್ಯ ಹಾಕಿ ಆಡುವ ಯಂತ್ರಗಳು. ಯಂತ್ರದ ಮಾಲೀಕನ ಸಂಪಾದನೆ ಇದ್ದದ್ದು ಆಟಗಾರ ಬೇಗ ಸೋಲುವುದರಲ್ಲಿ. ಒಬ್ಬನೇ ಹುಡುಗ ಒಂದು ನಾಣ್ಯಕ್ಕೆ ಇಡೀ ಮಧ್ಯಾಹ್ನ ನಿಂತುಬಿಟ್ಟರೆ ಅಂಗಡಿ ನಡೆಯುವುದಾದರೂ ಹೇಗೆ? ಹಾಗಾಗಿ ಕೆಲವೇ ನಿಮಿಷಗಳಲ್ಲಿ ಸೋಲಿಸಿ ಕಳಿಸುವಂತೆ ಆ ಆಟಗಳನ್ನು ಕಟ್ಟುತ್ತಿದ್ದರು. 1983ರ ಜುಲೈಯಲ್ಲಿ ನಿಂಟೆಂಡೊ ಕಂಪನಿ ಜಪಾನಿನಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಮನೆಯಂತ್ರವನ್ನು ಮಾರಾಟಕ್ಕಿಟ್ಟಿತು. 1985ರಲ್ಲಿ ಅದು ಬೇರೆ ಹೆಸರಿನಲ್ಲಿ ಅಮೆರಿಕಕ್ಕೂ ಹೋಯಿತು. ಇಲ್ಲಿ ಕೊಳ್ಳುವವನು ಪೂರ್ತಿ ಬೆಲೆಯನ್ನು ಮುಂಗಡವಾಗಿಯೇ ಕೊಡುತ್ತಾನೆ. ಅವನು ಬೇಗ ಸೋತರೆ ಕಂಪನಿಗೆ ಲಾಭವಿಲ್ಲ. ಬೇಗ ಗೆದ್ದರೆ ದುಡ್ಡು ದಂಡವಾಯಿತೆಂದು ಅವನಿಗೆ ಅನ್ನಿಸುತ್ತದೆ. ನಿಮಿಷಗಳನ್ನು ಮಾರುತ್ತಿದ್ದ ಕಸುಬು ಹೀಗೆ ಗಂಟೆಗಳನ್ನು ಮಾರುವ ಕಸುಬಾಯಿತು.

ಆದರೆ ಆ ಗಂಟೆಗಳನ್ನು ತುಂಬಿಸುವುದು ಯಾವುದರಿಂದ? 1985ರ 'ಸೂಪರ್ ಮಾರಿಯೋ ಬ್ರದರ್ಸ್' ಇಡಿಯಾಗಿ 40 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಅಷ್ಟರಲ್ಲೇ 8 ಲೋಕಗಳು, ಲೋಕಕ್ಕೆ 4ರಂತೆ 32 ಘಟ್ಟಗಳು. ಬಲ್ಲವರು ಎಲ್ಲವನ್ನೂ ಒಂದು ಗಂಟೆಯೊಳಗೆ ದಾಟುತ್ತಾರೆ. ಆದರೂ ಮಕ್ಕಳು ಅದನ್ನು ತಿಂಗಳುಗಟ್ಟಲೆ ಆಡಿದರು. ಕಾರಣ ಸರಳ: ಹಳ್ಳಕ್ಕೆ ಬಿದ್ದರೆ ಹಿಂದಕ್ಕೆ ಬರಬೇಕು, ಯಂತ್ರ ಆರಿಸಿದರೆ ಮೊದಲಿಂದ ಶುರು ಮಾಡಬೇಕು. ಆ ಗಂಟೆಗಳು ತಟ್ಟೆಯಷ್ಟು ದೊಡ್ಡ ಆ ಪೆಟ್ಟಿಗೆಯೊಳಗೆ ಇರಲಿಲ್ಲ. ಆಡುವವನು ಬಿದ್ದು ಎದ್ದು ಕಲಿಯುವುದರಲ್ಲಿ ಹುಟ್ಟುತ್ತಿದ್ದವು. ನಿನ್ನೆ ಬಿದ್ದ ಹಳ್ಳವನ್ನು ಇಂದು ಹಾರಿದ್ದು ಅವನದೇ ಗಳಿಕೆ.

ಇನ್ನೊಂದು ಸೋಜಿಗವಿದೆ. ಈ ಆಟವನ್ನು ರೂಪಿಸಿದ ಶಿಗೇರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದರಲ್ಲಿ ಕಳ್ಳದಾರಿಗಳನ್ನಿಟ್ಟರು. ಮೊದಲ ಲೋಕದ ಎರಡನೆಯ ಘಟ್ಟದಲ್ಲಿ ಮೇಲ್ಛಾವಣಿಯ ಮೇಲೆ ನಡೆದುಹೋದರೆ ನೇರ ನಾಲ್ಕನೆಯ ಲೋಕಕ್ಕೆ ಹೋಗುವ ಕೊಳವೆ ಸಿಗುತ್ತದೆ. ತಾನು ಮಾರಿದ ಸರಕಿನ ಬಹುಪಾಲನ್ನು ಬಿಟ್ಟುಹೋಗಲು ಮಾರಿದವನೇ ಬಾಗಿಲು ತೆರೆದಿಟ್ಟ ಹಾಗೆ. ಗಂಟೆಯ ತಕ್ಕಡಿಯಲ್ಲಿ ಇದು ನಷ್ಟದ ವ್ಯಾಪಾರ. ಆದರೆ ಆ ಗುಟ್ಟನ್ನು ಗೆಳೆಯನ ಕಿವಿಯಲ್ಲಿ ಹೇಳುವ ಸುಖಕ್ಕೆ ಯಾವ ತಕ್ಕಡಿ? ಇಂದು ಈ ದಾರಿಗಳಲ್ಲಿ ಓಡಿ ಇಡೀ ಆಟವನ್ನು 5 ನಿಮಿಷದೊಳಗೆ ಮುಗಿಸುವ ನಿಪುಣರಿದ್ದಾರೆ. ಆ 5 ನಿಮಿಷಕ್ಕಾಗಿ ಅವರು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಈಗ ಹೇಳಿ, ಈ ಆಟ ಎಷ್ಟು ಗಂಟೆಯದು?

ಇದಕ್ಕೆ ತಿರುಗಿದ ಇನ್ನೊಂದು ಬಗೆ 1986ರಲ್ಲಿ ಜಪಾನಿನಲ್ಲಿ ಬಂದ ಯೂಜಿ ಹೊರಿಯವರ 'ಡ್ರ್ಯಾಗನ್ ಕ್ವೆಸ್ಟ್'. ಇಲ್ಲಿ ಕೈಚಳಕ ಬೇಕಿಲ್ಲ. ಸಣ್ಣಪುಟ್ಟ ರಾಕ್ಷಸರನ್ನು ಮತ್ತೆ ಮತ್ತೆ ಸೋಲಿಸುತ್ತಾ ಹೋದರೆ ವೀರನ ಬಲ ಅಂಕಿಗಳಲ್ಲಿ ಏರುತ್ತದೆ. ಸತ್ತರೆ ಚಿನ್ನದಲ್ಲಿ ಅರ್ಧ ಹೋಗುತ್ತದೆ, ಪಡೆದ ಅನುಭವ ಉಳಿಯುತ್ತದೆ. ಒಂದೇ ಹೊಲವನ್ನು ಹತ್ತು ಬಾರಿ ಉತ್ತಂಥ ಈ ದುಡಿಮೆಯನ್ನು ಗಂಟೆ ಹಿಗ್ಗಿಸುವ ಉಪಾಯ ಎಂದು ಬೈಯುವವರಿದ್ದಾರೆ. ಆ ಮಾತಿನಲ್ಲಿ ನಿಜವಿದೆ, ಪೂರ್ತಿ ನಿಜವಿಲ್ಲ. ಬೆರಳು ಚುರುಕಿಲ್ಲದವನೂ, ವಯಸ್ಸಾದವನೂ ತಾಳ್ಮೆಯೊಂದಿದ್ದರೆ ಕೊನೆ ಮುಟ್ಟಬಹುದು ಎಂಬ ಭರವಸೆಯನ್ನು ಅದು ಕೊಟ್ಟಿತು. ಜಾಣತನವಿಲ್ಲದವನಿಗೆ ಹೊತ್ತೇ ಬಂಡವಾಳ. ಅಲ್ಲಿ ಆಟವನ್ನು ನಿಲ್ಲಿಸಿ ಮರುದಿನ ಮುಂದುವರಿಸಬೇಕಾದರೆ ತೆರೆಯ ಮೇಲೆ ಬರುವ 20 ಅಕ್ಷರಗಳ ಮಂತ್ರವನ್ನು ಕಾಗದದಲ್ಲಿ ಬರೆದುಕೊಳ್ಳಬೇಕಿತ್ತು. ಮರುವರ್ಷ ಬಂದ ಎರಡನೆಯ ಭಾಗದಲ್ಲಿ ಅದು 52 ಅಕ್ಷರಗಳವರೆಗೆ ಬೆಳೆಯಿತು. ಒಂದು ಅಕ್ಷರ ತಪ್ಪಿದರೆ ವಾರಗಳ ದುಡಿಮೆ ಮಣ್ಣುಪಾಲು. 1988ರ ಮೂರನೆಯ ಭಾಗಕ್ಕೆ ಬ್ಯಾಟರಿ ಬಂದು, ಆಟವೇ ನೆನಪಿಟ್ಟುಕೊಳ್ಳತೊಡಗಿತು. ಕಳೆದುಹೋಗುವ ಭಯವಿದ್ದಾಗ ಗಂಟೆಗೆ ಎಂಥ ತೂಕ ಬರುತ್ತದೆ ಎಂಬುದು ಆ ಕಾಗದದ ಚೂರುಗಳನ್ನು ಜೋಪಾನ ಮಾಡಿದ ಮಕ್ಕಳಿಗೆ ಗೊತ್ತಿತ್ತು.

ಇನ್ನು ತೂಕದಲ್ಲಿ ಕೈಯಾಡಿಸಿದ ಕಥೆ. ಜಪಾನಿನಲ್ಲಿ ಹಕ್ಕುದಾರರ ಒಪ್ಪಿಗೆಯಿಲ್ಲದೆ ಆಟಗಳನ್ನು ಬಾಡಿಗೆಗೆ ಕೊಡುವಂತಿರಲಿಲ್ಲ. ಅಮೆರಿಕದಲ್ಲಿ 1990ರ ಕಾನೂನು ಕಂಪ್ಯೂಟರ್ ತಂತ್ರಾಂಶದ ಬಾಡಿಗೆಗೆ ತಡೆ ಹಾಕಿದರೂ ಮನೆಯಂತ್ರದ ಆಟಗಳಿಗೆ ವಿನಾಯಿತಿ ಕೊಟ್ಟಿತು. ಶುಕ್ರವಾರ ಸಂಜೆ ಕೆಲವೇ ಡಾಲರಿಗೆ ಆಟವನ್ನು ತಂದು, ಭಾನುವಾರದೊಳಗೆ ಮುಗಿಸಿ ಹಿಂದಿರುಗಿಸಿದರೆ ಕೊಳ್ಳುವವರು ಯಾರು? ಇದಕ್ಕೆ ಕೆಲವು ಕಂಪನಿಗಳು ಕಂಡುಕೊಂಡ ಮದ್ದು ಆಟವನ್ನು ಇನ್ನಷ್ಟು ಕಠಿಣವಾಗಿಸುವುದು. 1994ರ 'ದಿ ಲಯನ್ ಕಿಂಗ್' ಆಟದ ಎರಡನೆಯ ಘಟ್ಟದಲ್ಲೇ ಮಂಗಗಳು ಸಿಂಹದ ಮರಿಯನ್ನು ಎಸೆದಾಡುವ ಒಗಟಿನಲ್ಲಿ ಎಷ್ಟೋ ಮಕ್ಕಳು ಸಿಕ್ಕಿಬಿದ್ದರು. ಬಾಡಿಗೆಯ ಅವಧಿಯಲ್ಲಿ ಮುಗಿಯದಿರಲಿ ಎಂಬುದೇ ಆ ಕಷ್ಟದ ಹಿಂದಿನ ಉದ್ದೇಶವೆಂದು ಅದನ್ನು ತಯಾರಿಸಿದ ವೆಸ್ಟ್‌ವುಡ್ ಸ್ಟುಡಿಯೋಸ್‌ನ ಲೂಯಿ ಕ್ಯಾಸಲ್ ಮುಂದೆ ಬಹಿರಂಗವಾಗಿ ಹೇಳಿದರು. ಅದೇ ವರ್ಷದ 'ಕಾಂಟ್ರಾ: ಹಾರ್ಡ್ ಕೋರ್'ನ ಜಪಾನಿ ಆವೃತ್ತಿಯಲ್ಲಿ ಒಂದು ಜೀವಕ್ಕೆ ಮೂರು ಏಟು ತಾಳಬಹುದಿತ್ತು, ಅಮೆರಿಕದ ಆವೃತ್ತಿಯಲ್ಲಿ ಒಂದೇ ಏಟಿಗೆ ಜೀವ ಹೋಗುತ್ತದೆ. ಅದೇ ಆಟ, ಅದೇ ಚಿತ್ರ, ಅದೇ ಸಂಗೀತ. ಗಂಟೆ ಮಾತ್ರ ಹೆಚ್ಚು. ಹಾಲಿಗೆ ನೀರು ಬೆರೆಸಿದರೂ ಲೀಟರ್ ಹೆಚ್ಚುತ್ತದಲ್ಲವೇ?

ಇಲ್ಲಿ ನಮ್ಮ ಊರುಗಳ ನೆನಪೂ ಬರುತ್ತದೆ. 1990ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಹೆಚ್ಚಾಗಿ ಬಂದದ್ದು ಆ ಜಪಾನಿ ಯಂತ್ರದ ಅಗ್ಗದ ನಕಲುಗಳು. ಆಟದ ಪೆಟ್ಟಿಗೆಯನ್ನು ನಾವೆಲ್ಲ ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. ಅದರ ಮೇಲೆ '9999 ಇನ್ 1' ಎಂದು ಅಚ್ಚಾಗಿರುತ್ತಿತ್ತು. ಒಳಗೆ ನೋಡಿದರೆ ಬೆರಳೆಣಿಕೆಯ ಆಟಗಳೇ ಹೆಸರು, ಘಟ್ಟ ಬದಲಿಸಿಕೊಂಡು ಪುಟದ ಮೇಲೆ ಪುಟ ಬರುತ್ತಿದ್ದವು. ಎಣಿಕೆಯೇ ಬೆಲೆಯಾದಾಗ ಎಣಿಕೆಯನ್ನೇ ತಯಾರಿಸುವವರು ಹುಟ್ಟಿಕೊಳ್ಳುತ್ತಾರೆ. ನಕಲು ಕ್ಯಾಸೆಟ್ಟಿನವನು ಆಟಗಳ ಸಂಖ್ಯೆಯಲ್ಲಿ ಮಾಡಿದ್ದನ್ನು ದೊಡ್ಡ ಕಂಪನಿಗಳು ಗಂಟೆಗಳಲ್ಲಿ ಮಾಡಿದವು. 1997ರ 'ಫೈನಲ್ ಫ್ಯಾಂಟಸಿ 7' ಮೂರು ಸಿ.ಡಿ.ಗಳಲ್ಲಿ ಬಂತು; ಸುಮಾರು 40 ಗಂಟೆಯ ಕಥೆ, ಮತ್ತು ಆ ಉದ್ದಕ್ಕೆ ತಕ್ಕ ಕಥೆಯೂ ಅದರಲ್ಲಿತ್ತು. 2020ರಲ್ಲಿ ಅದನ್ನು ಹೊಸದಾಗಿ ಮಾಡಿದಾಗ ಮೂಲದ ಮೊದಲ ಕೆಲವು ಗಂಟೆಗಳ ಭಾಗವೊಂದೇ 30 ಗಂಟೆಗೂ ಮಿಕ್ಕ ಆಟವಾಗಿ ಬಂತು. ಅದರಲ್ಲಿ ಬೆಳೆದದ್ದೆಷ್ಟು, ಹಿಗ್ಗಿದ್ದೆಷ್ಟು ಎಂಬ ವಾದ ಆಡಿದವರ ನಡುವೆ ಇನ್ನೂ ಮುಗಿದಿಲ್ಲ.

ಇಷ್ಟೆಲ್ಲ ಹೇಳಿ, ಗಂಟೆ ಎಣಿಸುವುದೇ ಕೀಳು ಅಭಿರುಚಿ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆ ಸುಲಭದ ದಾರಿ ನಮಗೆ ಒಪ್ಪಿಗೆಯಿಲ್ಲ. ವರ್ಷಕ್ಕೆ ಒಂದೇ ಆಟ ಸಿಗುವ ಮಗುವಿದೆ. ಅದರ ತಂದೆ ಓವರ್‌ಟೈಮ್ ಮಾಡಿ ತಂದ ಆಟ ಎರಡೇ ದಿನದಲ್ಲಿ ಮುಗಿದುಹೋದರೆ ಆ ಮಗುವಿನ ಕಣ್ಣಲ್ಲಿ ಬರುವ ನೀರು ಅಭಿರುಚಿಯ ಕೊರತೆಯಿಂದ ಬಂದದ್ದಲ್ಲ. ಅಂಗಡಿಯಲ್ಲಿ ನಿಂತು 'ಎಷ್ಟು ದಿನ ಬರುತ್ತದೆ?' ಎಂದು ಕೇಳುವುದು ಬಡವನ ಹಕ್ಕು. ಚಪ್ಪಲಿ ಕೊಳ್ಳುವಾಗಲೂ ಅವನು ಅದನ್ನೇ ಕೇಳುತ್ತಾನೆ. 'ಕಲೆಗೆ ಅಳತೆಯಿಲ್ಲ' ಎಂಬ ಮಾತು ಕಪಾಟಿನಲ್ಲಿ ನೂರು ಆಟ ಇಟ್ಟುಕೊಂಡವನ ಬಾಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಆದ್ದರಿಂದ ಪ್ರಶ್ನೆ ಅಳೆಯಬೇಕೇ ಬೇಡವೇ ಎಂಬುದಲ್ಲ. ಏನನ್ನು ಅಳೆಯುತ್ತಿದ್ದೇವೆ ಎಂಬುದು.

ನಮಗೆ ತೋರುವಂತೆ ಈ ಲೆಕ್ಕದ ತಪ್ಪು ಅದರ ಬುಡದಲ್ಲೇ ಇದೆ. ಗಂಟೆಯನ್ನು ಕಂಪನಿ ಕೊಡುತ್ತದೆ, ನಾವು ಪಡೆಯುತ್ತೇವೆ ಎಂದು ಅದು ಭಾವಿಸುತ್ತದೆ. ಆದರೆ ಗಂಟೆ ಕಂಪನಿಯ ಗೋದಾಮಿನಲ್ಲಿಲ್ಲ. ಅದು ಆಡುವವನ ಆಯುಷ್ಯದಿಂದ ಬರುತ್ತದೆ. ಅವನು ಎರಡು ಸಲ ಬೆಲೆ ಕೊಡುತ್ತಾನೆ: ಅಂಗಡಿಯಲ್ಲಿ ದುಡ್ಡು, ಮನೆಯಲ್ಲಿ ಹೊತ್ತು. '50 ಗಂಟೆಯ ಆಟ' ಎಂದರೆ 50 ಗಂಟೆ ಕೊಡುವ ಆಟವಲ್ಲ, 50 ಗಂಟೆ ಕೇಳುವ ಆಟ. ಕೊಟ್ಟ ಬೆಲೆಯನ್ನೇ ಪಡೆದ ಸರಕೆಂದು ಎಣಿಸಿದರೆ ಹೆಚ್ಚು ಸುಲಿದವನೇ ಹೆಚ್ಚು ಕೊಟ್ಟವನಂತೆ ಕಾಣುತ್ತಾನೆ.

ಕನ್ನಡದಲ್ಲಿ 'ಹೊತ್ತು ಕಳೆಯುವುದು' ಎನ್ನುತ್ತೇವೆ. ಶಾಲೆಯಲ್ಲಿ ಕೂಡುವ ಲೆಕ್ಕದ ಎದುರಿಗಿದ್ದದ್ದೂ ಕಳೆಯುವ ಲೆಕ್ಕವೇ. ನಮ್ಮ ಉರ್ದು ಮನೆಗಳಲ್ಲಿ ಇದಕ್ಕೆ ಎದುರಾದ ಒಂದು ಮಾತು ದಿನಕ್ಕೆ ಹತ್ತು ಬಾರಿ ಬರುತ್ತದೆ: ಬರಕತ್. ಅರ್ಧ ಸೇರು ಅಕ್ಕಿಯಲ್ಲಿ ಎಂಟು ಜನ ಉಂಡು ಏಳುವ ದಿನವಿದೆ, ಚೀಲ ತುಂಬ ಅಕ್ಕಿಯಿದ್ದೂ ಸಾಲದ ದಿನವಿದೆ. ಹೆಂಗಸರು ಆಗ ಅಕ್ಕಿಯ ಮಾತಾಡುವುದಿಲ್ಲ, ಬರಕತ್ತಿನ ಮಾತಾಡುತ್ತಾರೆ. ಹೊತ್ತಿಗೂ ಬರಕತ್ ಉಂಟು. ಸಣ್ಣಕಥೆ ಬರೆಯುವ ನಮಗೆ ಇದು ಚೆನ್ನಾಗಿ ಗೊತ್ತು. ಆರು ಪುಟದ ಕಥೆ ಕೊಟ್ಟಾಗ 'ಇಷ್ಟೇನಾ?' ಎಂದು ಕೇಳಿಸಿಕೊಂಡವರು ನಾವು.

ಹಳೆಯ ಆಟಗಳಲ್ಲೂ ಈ ಬರಕತ್ತಿನ ಉದಾಹರಣೆಗಳಿವೆ. 1986ರ 'ಮೆಟ್ರಾಯ್ಡ್' ಬೇಗ ಮುಗಿಸಿದವರಿಗೆ ಬೇರೆ ಮುಕ್ತಾಯ ತೋರಿಸುತ್ತಿತ್ತು. ನಿಗದಿತ ಗಂಟೆಗಳೊಳಗೆ ಕೊನೆ ಮುಟ್ಟಿದವರಿಗೆ ಮಾತ್ರ, ಅಷ್ಟು ಹೊತ್ತು ಕವಚದೊಳಗೆ ಹೋರಾಡಿದ್ದು ಒಬ್ಬ ಹೆಣ್ಣು ಎಂಬುದು ತಿಳಿಯುತ್ತಿತ್ತು. ಕಡಿಮೆ ಹೊತ್ತಿಗೆ ಹೆಚ್ಚು ಬಹುಮಾನ! 2001ರ 'ಈಕೋ' ಏಳೆಂಟು ಗಂಟೆಯ ಆಟ. ಕೊಂಬಿರುವ ಹುಡುಗನೊಬ್ಬ ಭಾಷೆ ತಿಳಿಯದ ಹುಡುಗಿಯ ಕೈ ಹಿಡಿದು ಪಾಳು ಕೋಟೆಯಿಂದ ಪಾರಾಗುವುದೇ ಅದರ ಕಥೆ. ಅದನ್ನು ರೂಪಿಸಿದ ಫುಮಿಟೊ ಉಯೆಡಾ ಬೇಡದ್ದನ್ನೆಲ್ಲ ತೆಗೆಯುತ್ತಾ ಹೋಗುವುದೇ ತಮ್ಮ ಕ್ರಮವೆಂದರು. ಚಿಕ್ಕದಾಯಿತು ಎಂಬ ಗೊಣಗಾಟ ಆಗಲೂ ಇತ್ತು. ಆದರೆ ಆಡಿದವರು ಆ ಕೈಯ ಹಿಡಿತವನ್ನು ಇಂದಿಗೂ ಮರೆತಿಲ್ಲ. ಇನ್ನು, 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಕಟ್ಟಿದ 'ಟೆಟ್ರಿಸ್'ಗೆ ಕೊನೆಯೇ ಇರಲಿಲ್ಲ. ಅದರ 1989ರ ನಿಂಟೆಂಡೊ ಆವೃತ್ತಿಯನ್ನು 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೆಯ ಹಂತದವರೆಗೆ ಆಡಿ, ಯಂತ್ರವೇ ಸ್ತಬ್ಧವಾಗುವಂತೆ ಮಾಡಿದ. ಆ ಆಟ ನಡೆದದ್ದು 40 ನಿಮಿಷವೂ ಅಲ್ಲ. ಅದರ ಹಿಂದಿದ್ದದ್ದು 34 ವರ್ಷಗಳಲ್ಲಿ ಎಷ್ಟೋ ಆಟಗಾರರು ಒಬ್ಬರಿಂದೊಬ್ಬರು ಕಲಿತು ಕೂಡಿಸಿಟ್ಟ ಕೈಗಾರಿಕೆ.

ಹಾಗಾದರೆ ಮಾರುವವನ ಪ್ರಾಮಾಣಿಕತೆ ಎಲ್ಲಿದೆ? ಆಟ ಚಿಕ್ಕದೋ ದೊಡ್ಡದೋ ಎಂಬುದರಲ್ಲಿಲ್ಲ. ಆಟಗಾರನ ಒಂದೊಂದು ಗಂಟೆಯನ್ನು ಕೇಳುವಾಗಲೂ ಬದಲಿಗೆ ಏನಾದರೂ ಕೊಟ್ಟನೇ ಎಂಬುದರಲ್ಲಿದೆ: ಒಂದು ಹೊಸ ಕಲಿಕೆ, ಒಂದು ಅಚ್ಚರಿ, ಕಥೆಯ ಒಂದು ತಿರುವು, ಕೊನೆಗೆ ಪಕ್ಕದಲ್ಲಿ ಕೂತ ತಮ್ಮನೊಡನೆ ಹಂಚಿಕೊಂಡ ಒಂದು ನಗು. ಆ ಬಡ ತಂದೆಗೂ ನಾವು ಹೇಳಬಹುದಾದದ್ದು ಇಷ್ಟೇ. 'ಎಷ್ಟು ಗಂಟೆ ಬರುತ್ತದೆ?' ಎಂದು ಅವಶ್ಯ ಕೇಳಿ. ಅದರ ಜೊತೆಗೆ 'ಮುಗಿದ ಮೇಲೆ ಮಕ್ಕಳು ಇದನ್ನು ಮತ್ತೆ ಆಡುತ್ತಾರೆಯೇ?' ಎಂದೂ ಕೇಳಿ. ಮೊದಲ ಸಲ ಕೊನೆ ಮುಟ್ಟಿಸಲು ಆಟದವನು ನೂರು ಉಪಾಯ ಹೂಡಬಹುದು. ಮುಗಿದ ಆಟವನ್ನು ಮಗು ಯಾರ ಒತ್ತಾಯವೂ ಇಲ್ಲದೆ ಮತ್ತೆ ಶುರು ಮಾಡಿದರೆ, ಆ ಎರಡನೆಯ ಸಲದ ಗಂಟೆಗಳಲ್ಲಿ ಯಾವ ಕಂಪನಿಯ ಕೈವಾಡವೂ ಇರುವುದಿಲ್ಲ.