ಹಲ್ಲು ಬರುವ ಕೂಸಿನ ಗುಳಿಗೆಯಲ್ಲಿ ಏನಿತ್ತು?

ಹಲ್ಲು ಮೂಡುವ ಹೊತ್ತಿಗೆ ಕೂಸು ರಚ್ಚೆ ಹಿಡಿಯುತ್ತದೆ, ಜೊಲ್ಲು ಸುರಿಸುತ್ತದೆ, ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ರಾತ್ರಿಯಿಡೀ ಅದನ್ನು ಎತ್ತಿಕೊಂಡು ತಿರುಗಿದ ತಾಯಿಗೆ ಯಾರಾದರೂ ‘ಇದು ಹೋಮಿಯೋಪತಿ, ಗಿಡಮೂಲಿಕೆಯದ್ದು, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಎಂದು ಒಂದು ಬಾಟಲಿ ಕೊಟ್ಟರೆ ಆಕೆ ನಂಬುತ್ತಾಳೆ. ಅಮೆರಿಕದ ಎಷ್ಟೋ ಮನೆಗಳಲ್ಲಿ ಆದದ್ದು ಇದೇ. ಅಲ್ಲಿನ ಹಳೆಯ ಹೆಸರಾಂತ ಹೋಮಿಯೋಪತಿ ಬ್ರ್ಯಾಂಡ್ ಹೈಲ್ಯಾಂಡ್ಸ್, ಹಲ್ಲು ಬರುವ ಮಕ್ಕಳಿಗೆಂದೇ ನಾಲಿಗೆಯ ಮೇಲೆ ಕರಗುವ ಪುಟ್ಟ ಗುಳಿಗೆಗಳನ್ನು ಮಾರುತ್ತಿತ್ತು. ಅದರಲ್ಲಿದ್ದ ದ್ರವ್ಯಗಳಲ್ಲಿ ಒಂದು ಬೆಲ್ಲಡೋನಾ.

ಬೆಲ್ಲಡೋನಾ ಯುರೋಪಿನ ವಿಷದ ಗಿಡ. ಅದರಲ್ಲಿರುವ ಅಟ್ರೋಪಿನ್, ಸ್ಕೋಪೋಲಮಿನ್ ಎಂಬ ವಿಷಗಳೇ ನಮ್ಮ ದತ್ತೂರಿಯಲ್ಲೂ ಇವೆ. ಬೇಲಿಯ ಬದಿಯ ಆ ಮುಳ್ಳುಕಾಯಿಯನ್ನು ಮುಟ್ಟಬೇಡವೆಂದು ನಮ್ಮ ಹಳ್ಳಿಗಳಲ್ಲಿ ಮಕ್ಕಳನ್ನು ಗದರಿಸುವುದು ಸುಮ್ಮನೆ ಅಲ್ಲ. ಆದರೆ ಗುಳಿಗೆಯಲ್ಲಿ ಬೆಲ್ಲಡೋನಾ ಲೆಕ್ಕಕ್ಕೆ ಸಿಗದಷ್ಟು ಸೂಕ್ಷ್ಮವಾಗಿದೆ, ಆದ್ದರಿಂದ ಅಪಾಯವಿಲ್ಲ ಎಂಬುದು ಕಂಪನಿಯ ಭರವಸೆಯಾಗಿತ್ತು.

2010ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಈ ಗುಳಿಗೆಗಳಲ್ಲಿ ಬೆಲ್ಲಡೋನಾ ಒಂದೇ ಪ್ರಮಾಣದಲ್ಲಿಲ್ಲ ಎಂದು ಕಂಡುಕೊಂಡಿತು. ಕಂಪನಿ ಮಾಲನ್ನು ವಾಪಸ್ ತರಿಸಿಕೊಂಡು, ತಯಾರಿಕೆ ಸುಧಾರಿಸಿ, ಮತ್ತೆ ಮಾರುಕಟ್ಟೆಗೆ ಬಿಟ್ಟಿತು. 2016ರ ಸೆಪ್ಟೆಂಬರಿನಲ್ಲಿ ಎರಡನೆಯ ಎಚ್ಚರಿಕೆ ಬಂತು. ಹಲ್ಲು ಬರುವ ಮಕ್ಕಳ ಹೋಮಿಯೋಪತಿ ಗುಳಿಗೆ ಮತ್ತು ಜೆಲ್‌ಗಳನ್ನು ಕೊಟ್ಟ ಮೇಲೆ ಫಿಟ್ಸ್, ಉಸಿರಾಟದ ತೊಂದರೆ, ಅತಿಯಾದ ಮಂಪರು, ಮೂತ್ರ ಕಟ್ಟಿಕೊಳ್ಳುವುದು ಹೀಗೆ ಆರು ವರ್ಷಗಳಲ್ಲಿ 400ಕ್ಕೂ ಹೆಚ್ಚು ದೂರುಗಳು ಎಫ್‌ಡಿಎಗೆ ಹೋಗಿದ್ದವು. ಹತ್ತು ಸಾವುಗಳ ವರದಿಯೂ ಇತ್ತು. ಆ ಸಾವುಗಳಿಗೆ ಗುಳಿಗೆಯೇ ಕಾರಣವೆಂದು ತೀರ್ಮಾನವಾಗಿರಲಿಲ್ಲ, ಅದನ್ನು ಒತ್ತಿ ಹೇಳಲೇಬೇಕು. 2017ರ ಜನವರಿಯಲ್ಲಿ ಎಫ್‌ಡಿಎ ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಕೆಲವು ಗುಳಿಗೆಗಳಲ್ಲಿ ಬೆಲ್ಲಡೋನಾ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಒಂದು ಗುಳಿಗೆಯ ಹಾಗೆ ಇನ್ನೊಂದಿರಲಿಲ್ಲ.

ಹೋಮಿಯೋಪತಿಗೂ ಗಿಡಮೂಲಿಕೆ ವೈದ್ಯಕ್ಕೂ ಇರುವ ವ್ಯತ್ಯಾಸ ಈ ಪ್ರಕರಣದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಗಿಡಮೂಲಿಕೆ ವೈದ್ಯದಲ್ಲಿ ಕೆಲಸ ಮಾಡುವುದು ದ್ರವ್ಯ. ಅದು ಹೆಚ್ಚಾದರೆ ಪರಿಣಾಮ ಹೆಚ್ಚು, ಕಡಿಮೆಯಾದರೆ ಕಡಿಮೆ, ಮಿತಿಮೀರಿದರೆ ವಿಷ. ನಮ್ಮ ಬಾಣಂತಿ ಮನೆಯ ಅಜ್ಜಿಯಂದಿರಿಗೆ ಇದು ಚೆನ್ನಾಗಿ ಗೊತ್ತಿತ್ತು. ತೇಯುವ ಕಲ್ಲಿನ ಮೇಲೆ ಒಂದಿಷ್ಟು ಎದೆಹಾಲು ಬಿಟ್ಟು, ಬಜೆ ಇಷ್ಟು ಸುತ್ತು, ಅಳಲೆಕಾಯಿ ಇಷ್ಟು ಸುತ್ತು, ಜಾಕಾಯಿ ಒಂದೇ ಸುತ್ತು ಎಂದು ಎಣಿಸಿ ತೇಯುತ್ತಿದ್ದರು. ಜಾಕಾಯಿ ಜಾಸ್ತಿಯಾದರೆ ಕೂಸು ಮಂಕಾಗುತ್ತದೆಂದು ಸೊಸೆಗೆ ಎಚ್ಚರಿಕೆ ಹೇಳುತ್ತಿದ್ದರು. ಆ ಮದ್ದು ಇಂದಿನ ಕೂಸಿಗೆ ಬೇಕೆಂದು ನಾನು ಹೇಳುತ್ತಿಲ್ಲ. ಬಜೆಯಲ್ಲೂ ಆತಂಕಪಡಬೇಕಾದ ಅಂಶವಿದೆ, ಅಮೆರಿಕದಲ್ಲಿ ಅದನ್ನು ಆಹಾರದಲ್ಲಿ ಬಳಸುವುದನ್ನು 1968ರಲ್ಲೇ ನಿಷೇಧಿಸಿದರು. ಆದರೆ ಅಜ್ಜಿಗೆ ಗಿಡದ ಭಯವಿತ್ತು, ಅಳತೆಯ ಜ್ಞಾನವಿತ್ತು.

ಹೋಮಿಯೋಪತಿ ಹಿಡಿಯುವುದು ಇದಕ್ಕೆ ತೀರಾ ಎದುರು ದಾರಿ. 1790ರಲ್ಲಿ ಜರ್ಮನಿಯ ವೈದ್ಯ ಸ್ಯಾಮುಯೆಲ್ ಹಾನಿಮನ್ ಸಿಂಕೋನಾ ತೊಗಟೆಯನ್ನು ತಾನೇ ಸೇವಿಸಿ ನೋಡಿದ. ಚಳಿಜ್ವರದಂಥ ಲಕ್ಷಣ ಕಾಣಿಸಿತೆಂದು, ರೋಗಕ್ಕೆ ಸಮಾನವಾದ ಲಕ್ಷಣ ಹುಟ್ಟಿಸುವುದೇ ಅದರ ಮದ್ದು ಎಂಬ ಸಿದ್ಧಾಂತಕ್ಕೆ ಬಂದ. 1810ರಲ್ಲಿ ಅವನ ‘ಆರ್ಗನಾನ್’ ಗ್ರಂಥ ಹೊರಬಂತು. ಅದೇ ತೊಗಟೆಯಿಂದ 1820ರಲ್ಲಿ ಪೆಲ್ಟಿಯೆ ಮತ್ತು ಕಾವಂತು ಎಂಬ ಫ್ರೆಂಚರು ಕ್ವಿನೈನ್ ಬೇರ್ಪಡಿಸಿದರು. ಮಲೇರಿಯಾಕ್ಕೆ ಅಳೆದು ಕೊಡಬಲ್ಲ ಔಷಧಿ ಸಿಕ್ಕಿತು. ಒಂದೇ ತೊಗಟೆ, ಎರಡು ದಾರಿ. ಹಾನಿಮನ್ನನ ದಾರಿಯಲ್ಲಿ ದ್ರವ್ಯವನ್ನು ತೆಳುವಾಗಿಸಿದಷ್ಟೂ ಶಕ್ತಿ ಹೆಚ್ಚುತ್ತದೆ. ಅಂಗಡಿಯಲ್ಲಿ ‘30’ ಎಂದು ಬರೆದ ಶೀಷೆಯ ಅರ್ಥ ಇದು: ಮೂಲ ಅರ್ಕದ ಒಂದು ಹನಿಯನ್ನು 99 ಹನಿ ಮದ್ಯಸಾರಕ್ಕೆ ಹಾಕಿ ಕುಲುಕಬೇಕು, ಅದರಲ್ಲಿ ಒಂದು ಹನಿ ತೆಗೆದು ಮತ್ತೆ 99 ಹನಿಗೆ ಹಾಕಬೇಕು. ಹೀಗೆ ಮೂವತ್ತು ಸಲ. ಹನ್ನೆರಡನೆಯ ಸಲದ ಹೊತ್ತಿಗೇ ಮೂಲ ದ್ರವ್ಯದ ಒಂದು ಅಣು ಉಳಿದಿರುವ ಸಂಭವವೂ ಬಹುತೇಕ ಇಲ್ಲವಾಗುತ್ತದೆ. ಮೂವತ್ತನೆಯದನ್ನು ಹನಿಸಿದ ಗುಳಿಗೆಯಲ್ಲಿ ಇರುವುದು ಸಕ್ಕರೆ ಮತ್ತು ನಂಬಿಕೆ. 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ಹೋಮಿಯೋಪತಿ ಫಲಕಾರಿ ಎನ್ನಲು ನಂಬಲರ್ಹ ಪುರಾವೆ ಯಾವ ಕಾಯಿಲೆಯ ವಿಚಾರದಲ್ಲೂ ಇಲ್ಲ ಎಂದಿತು. ನನ್ನ ಅಭಿಪ್ರಾಯವೂ ಅದೇ.

ಆದರೆ ‘3 ಎಕ್ಸ್’ ಎಂದು ಬರೆದ ಬಾಟಲಿಯ ಮಾತು ಬೇರೆ. ಅದು ಹತ್ತರಲ್ಲೊಂದು ಪಾಲಿನಂತೆ ಮೂರೇ ಸಲ ತೆಳುವಾದದ್ದು, ಅಂದರೆ ಸಾವಿರದಲ್ಲಿ ಒಂದು ಭಾಗ. ಅಲ್ಲಿ ದ್ರವ್ಯ ಇರುತ್ತದೆ. ಹೋಮಿಯೋಪತಿ ಎಂಬ ಹೆಸರಿದ್ದ ಮಾತ್ರಕ್ಕೆ ಒಳಗೆ ಏನೂ ಇಲ್ಲವೆಂದಾಗಲಿ, ಇದ್ದದ್ದು ಸರಿಯಾಗಿ ಬೆರೆತಿದೆ ಎಂದಾಗಲಿ ಹೇಳಲು ಬರುವುದಿಲ್ಲ. ತೆಳುವಾಗಿಸುವ ಕೆಲಸ ಕೆಟ್ಟ ಕ್ಷಣದಿಂದ ಹೈಲ್ಯಾಂಡ್ಸ್ ಗುಳಿಗೆ ಹೋಮಿಯೋಪತಿಯಾಗಿ ಉಳಿಯಲಿಲ್ಲ. ಅದು ಅಳತೆಯಿಲ್ಲದ ಗಿಡಮೂಲಿಕೆ ಮದ್ದಾಯಿತು, ಅದೂ ವಿಷದ ಗಿಡದ್ದು. ಯಾವ ನಾಟಿ ವೈದ್ಯನೂ ಹಾಲು ಕುಡಿಯುವ ಕೂಸಿಗೆ ದತ್ತೂರಿಯನ್ನು ಕಣ್ಣಂದಾಜಿನಲ್ಲಿ ಕೊಡಲಾರ.

ಈಗ ತಪ್ಪಿನ ವಿಚಾರ. ಕಂಪನಿಗೆ ದುರುದ್ದೇಶವಿತ್ತೆಂದು ನಾನು ಹೇಳುವುದಿಲ್ಲ. 2016ರ ಅಕ್ಟೋಬರಿನಲ್ಲಿ ಅದು ಅಮೆರಿಕದಲ್ಲಿ ಗುಳಿಗೆಯ ಸರಬರಾಜು ನಿಲ್ಲಿಸಿತು. ಆದರೆ ಈಗಾಗಲೇ ಮನೆಗಳಲ್ಲಿ ಇರುವ ಗುಳಿಗೆ ಸುರಕ್ಷಿತ ಎಂದಿತು. ಉಳಿದ ಮಾಲನ್ನು ವಾಪಸ್ ಕರೆದದ್ದು 2017ರ ಏಪ್ರಿಲ್‌ನಲ್ಲಿ. ಆ ನಡುವಿನ ತಿಂಗಳುಗಳೇ ನನ್ನನ್ನು ಕಾಡುವುದು. ಒಂದೊಂದು ಗುಳಿಗೆಯಲ್ಲೂ ಎಷ್ಟು ವಿಷವಿದೆಯೆಂದು ಖಾತ್ರಿ ಮಾಡಿಕೊಳ್ಳದವರು ‘ಸುರಕ್ಷಿತ’ ಎಂಬ ಮಾತನ್ನು ಆಡಿದರು. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಿ, ತನ್ನ ಮಾತು ನಂಬಿದವರ ಕೂಸನ್ನು ಪಣಕ್ಕಿಡುವುದು ಸುಳ್ಳಿಗಿಂತ ಸಣ್ಣ ಅಪರಾಧವೇನಲ್ಲ. ಅಮೆರಿಕದ ಕಾನೂನೂ ಇದರಲ್ಲಿ ಪಾಲುದಾರ. 1938ರ ಔಷಧ ಕಾಯ್ದೆ ರೂಪಿಸಿದ ಸೆನೆಟರ್ ರಾಯಲ್ ಕೋಪ್‌ಲ್ಯಾಂಡ್ ಸ್ವತಃ ಹೋಮಿಯೋಪತಿ ವೈದ್ಯ. ಹೋಮಿಯೋಪತಿಯ ಔಷಧಕೋಶಕ್ಕೆ ಆ ಕಾಯ್ದೆಯಲ್ಲಿ ಮಾನ್ಯತೆ ಸಿಕ್ಕಿತು. ಪರಿಣಾಮಕಾರಿಯೆಂದು ಮೊದಲು ಸಾಬೀತು ಮಾಡಿ ಆಮೇಲೆ ಮಾರು ಎಂಬ ಕಟ್ಟುಪಾಡು ಈ ಗುಳಿಗೆಗಳಿಗೆ ನಡೆಯಲೇ ಇಲ್ಲ.

ಈ ಪ್ರಕರಣದ ಬಗ್ಗೆ ಮೊದಲು ಸಿಟ್ಟಾಗಬೇಕಾದವರು ಪ್ರಾಮಾಣಿಕ ಹೋಮಿಯೋಪತರು, ಏಕೆಂದರೆ ಅವರ ನಿರಪಾಯದ ಮಾತು ನಿಂತಿರುವುದೇ ತೆಳುವಾಗಿಸುವುದರ ಮೇಲೆ. ನಂತರ ಸಿಟ್ಟಾಗಬೇಕಾದವರು ಆಯುರ್ವೇದದವರು. ಗಿಡ ಅಂದರೆ ಸಾಧು ಎಂಬ ಭ್ರಮೆಯನ್ನು ಅವರ ಶಾಸ್ತ್ರ ಎಂದೂ ಒಪ್ಪಿದ್ದಲ್ಲ. ಕಾಸರಕ, ವತ್ಸನಾಭಿಯಂಥ ವಿಷದ ಗಿಡಗಳನ್ನು ಶುದ್ಧಿ ಮಾಡದೆ ಕೊಡಬಾರದೆಂಬ ಕಟ್ಟಳೆ ಅಲ್ಲಿದೆ. ಗಿಡದ ಅಪಾಯ ಕಲ್ಪನೆಯಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನ ಒಂದು ಚಿಕಿತ್ಸಾಲಯದಲ್ಲಿ ತೆಳ್ಳಗಾಗಲು ಕೊಟ್ಟ ಮಾತ್ರೆಯಲ್ಲಿ ಒಂದು ಚೀನೀ ಬೇರಿನ ಬದಲು ಇನ್ನೊಂದು ಸೇರಿಹೋಗಿ, ನೂರರಷ್ಟು ಮಹಿಳೆಯರ ಮೂತ್ರಪಿಂಡ ಕೆಟ್ಟವು. ಅದಕ್ಕೆ ಕಾರಣವಾದ ಅರಿಸ್ಟೊಲೋಕಿಕ್ ಆಮ್ಲ ನಮ್ಮ ಈಶ್ವರಿ ಬೇರಿನಲ್ಲೂ ಇದೆ.

ಹೀಗಾಗಿ ‘ಸೈಡ್ ಎಫೆಕ್ಟ್ ಇಲ್ಲ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುವವರು ಎರಡಕ್ಕೂ ಅನ್ಯಾಯ ಮಾಡುತ್ತಾರೆ. ಗಿಡದ ಮದ್ದು ಕೊಡುವವರನ್ನು ಕೇಳಬೇಕಾದ್ದು: ಇದರಲ್ಲಿ ಏನಿದೆ, ಎಷ್ಟಿದೆ, ನಾನು ತೆಗೆದುಕೊಳ್ಳುತ್ತಿರುವ ಬಿಪಿ, ಶುಗರ್ ಮಾತ್ರೆಗೆ ಅಡ್ಡ ಬರುತ್ತದೆಯೇ? ಸಿಹಿಗುಳಿಗೆ ಕೊಡುವವರನ್ನು ಕೇಳಬೇಕಾದ್ದು: ಇದನ್ನು ನುಂಗುತ್ತ ನಾನು ಯಾವ ನಿಜವಾದ ಚಿಕಿತ್ಸೆಯನ್ನು ಮುಂದೂಡುತ್ತಿದ್ದೇನೆ? ಹಲ್ಲು ಬರುವ ಕೂಸಿಗಂತೂ ಇವೆರಡೂ ಬೇಡ. ಎಫ್‌ಡಿಎ ಹೇಳಿದ್ದು ಶುಚಿಯಾದ ಬೆರಳಿನಿಂದ ವಸಡು ಮೆಲ್ಲಗೆ ತಿಕ್ಕಿ, ಇಲ್ಲವೇ ಗಟ್ಟಿ ರಬ್ಬರಿನ ಆಟಿಕೆಯನ್ನು ಕಚ್ಚಲು ಕೊಡಿ ಎಂದು.

ಕೊನೆಗೆ ನಮ್ಮ ಸರ್ಕಾರಕ್ಕೊಂದು ಮಾತು. ಭಾರತದ ಔಷಧ ನಿಯಮಗಳ ‘ಇ-1’ ಅನುಸೂಚಿಯಲ್ಲಿ ದತ್ತೂರಿ, ವತ್ಸನಾಭಿ, ಕಾಸರಕ ಸೇರಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಿದೆ. ಇವುಗಳಿಂದ ಮಾಡಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ ‘ವೈದ್ಯರ ನಿಗಾದಲ್ಲೇ ಸೇವಿಸಬೇಕು’ ಎಂಬ ಎಚ್ಚರಿಕೆ ಇರಲೇಬೇಕು. ನಿಯಮ ಅದನ್ನು ಕೇಳುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ರಾಯಚೂರಿನ, ಚಾಮರಾಜನಗರದ ತಾಯಿ ಆ ಬಾಟಲಿ ಹಿಡಿದಾಗ ಎಚ್ಚರಿಕೆ ಅವಳ ಕಣ್ಣಿಗೆ ಕನ್ನಡದಲ್ಲಿ ಬೀಳಬೇಕು. ಅದನ್ನು ಕಡ್ಡಾಯ ಮಾಡಿ.